ಸಾಸಿವೆ, ಜೀರಿಗೆ, ಅರ್ಧ ಕೋಡುಬಳೆ

ಸಾರ್ ಹೋಗಿ ಇನ್ನೂ ವಾರ ಆಗಿರಲಿಲ್ಲ, ಅವರ ಮಗ ಹನ್ನೊಂದನೇ ದಿನದ ಕಾರ್ಡಿನ ಮ್ಯಾಟರನ್ನು ನನ್ನ ವಾಟ್ಸಾಪಿಗೆ ಕಳಿಸಿದ. ಚಾಮರಾಜಪೇಟೆಯ ನಮ್ಮ ಪ್ರೆಸ್ಸಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಒಂದು ಸಲ ಕಣ್ಣು ಹಾಯಿಸಿದೆ, ಹಸಿವು ಹೋಯಿತು. ಅಷ್ಟೂ ಮ್ಯಾಟರಿನಲ್ಲಿ ಒಂದೇ ಒಂದು ಅಲ್ಪವಿರಾಮ ಇಲ್ಲ. ಚುಕ್ಕೆ ಇರಬೇಕಾದ ಕಡೆಯೆಲ್ಲ ಕೈಮುಗಿದ ಬೊಂಬೆಗಳು. ಸಾರ್ ಹೆಸರಿನ ಪಕ್ಕದಲ್ಲಿ ಮೂರು ಉದ್ಗಾರ ಚಿಹ್ನೆ ಸಾಲಾಗಿ ನಿಂತಿದ್ದವು, ಸತ್ತಿದ್ದು ಅವರಿಗೇ ಆಶ್ಚರ್ಯ ಅನ್ನೋ ಹಾಗೆ. ಮಗ ಮಲ್ಲೇಶ್ವರದಲ್ಲಿ ಸೈಟು, ಮನೆ ಮಾರಿಸಿಕೊಡುವ ವ್ಯವಹಾರ ಮಾಡುತ್ತಾನೆ. ಕಾರ್ನರ್ ಸೈಟಿಗೂ ಕಾಲವಾದ ಅಪ್ಪನಿಗೂ ಅವನ ಬೆರಳು ಒಂದೇ ಥರ ಓಡುತ್ತದೆ.

"ಆಂಟಿ, ಒಂದ್ಸಲ ನೋಡ್ಬಿಡಿ. ನಾಳೆ ಬೆಳಗ್ಗೆ ಪ್ರಿಂಟಿಗೆ ಕೊಟ್ಬಿಡಣ," ಅಂತ ಫೋನು ಬೇರೆ ಮಾಡಿದ.

"ಒಬ್ಬಳೇ ಹೇಗಪ್ಪಾ ನೋಡ್ಲಿ?" ಅಂದೆ.

"ಒಂದು ಕಾರ್ಡು ನೋಡೋಕೆ ಎಷ್ಟು ಜನ ಬೇಕು ಆಂಟಿ?"

ಇಬ್ಬರು ಬೇಕು. ಹಾಗಂತ ನನಗೆ ಕಲಿಸಿದವರು ಅವನ ಅಪ್ಪನೇ. "ಒಬ್ಬರು ಓದಿದ್ದು ಓದು ಕಣಮ್ಮ, ಇಬ್ಬರು ಓದಿದ್ದು ಪ್ರೂಫು," ಅನ್ನುತ್ತಿದ್ದರು. ನಾನು ಪ್ರೆಸ್ಸಿಗೆ ಸೇರಿದ ದಿನದಿಂದ ಅವರು ನಿವೃತ್ತರಾಗುವ ತನಕ ಆ ಇಬ್ಬರು ಅಂದರೆ ಅವರು ಮತ್ತು ನಾನು. ಪೇಟೆಯವರ ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಎಲ್ಲದರ ಕಾರ್ಡು ತಿದ್ದಿದ ಮನುಷ್ಯನ ಸ್ವಂತ ಕಾರ್ಡು ತಪ್ಪುತಪ್ಪಾಗಿ ಊರೆಲ್ಲ ಹೋದರೆ ನಾನು ಯಾವ ಮುಖ ಹೊತ್ತು ಆ ಊಟಕ್ಕೆ ಹೋಗಿ ಕೂರಲಿ? ಬೆಳಗಾಗುವುದರೊಳಗೆ ನನಗೆ ಜೊತೆಗೆ ಓದುವವರೊಬ್ಬರು ಬೇಕಾಗಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನಿಷಿಯಲ್ಲುಗಳಿಗೆ ಚುಕ್ಕೆ ಹಾಕಬೇಕು. ಚುಕ್ಕೆ ಆದ ಮೇಲೆ ಜಾಗ ಬಿಡಬೇಕೋ ಬೇಡವೋ ಅನ್ನುವುದು ಅವರಿಗೂ ನಮ್ಮ ಪ್ರೆಸ್ಸಿನ ಓನರಿಗೂ ನಡುವೆ ಕೊನೆಯ ತನಕ ಇತ್ಯರ್ಥವಾಗದ ವ್ಯಾಜ್ಯ. ಓನರು ಜಾಗ ಬಿಡಬಾರದು ಅನ್ನುವ ಪಕ್ಷ, ಕಾಗದ ಉಳಿಯುತ್ತದಲ್ಲ. ಸಾರ್ ಬಿಡಬೇಕು ಅನ್ನುವ ಪಕ್ಷ. "ಅಪ್ಪನ ಹೆಸರು, ಊರಿನ ಹೆಸರು, ನನ್ನ ಹೆಸರು ಮೂರೂ ಒಂದೇ ಸೀಟಲ್ಲಿ ಒತ್ಕೊಂಡು ಕೂರೋಕೆ ಇದೇನು ಸಿಟಿ ಬಸ್ಸಾ?" ಅನ್ನುತ್ತಿದ್ದರು. ಅದಕ್ಕೇ ಸಾರ್ ಅಂದರೆ ಸಾಕು.

ಕುಳ್ಳಗೆ, ದುಂಡಗೆ ಇದ್ದರು. ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು, ಶರಟಿನ ಜೇಬಿನ ಕೆಳಗೆ ಯಾವತ್ತೂ ಹೋಗದ ಒಂದು ಕೆಂಪು ಕಲೆ. ಕಂಠ ಮಾತ್ರ ಆಳಿಗಿಂತ ದೊಡ್ಡದು. ಅವರು ಒಳಗೆ ಪ್ರೂಫು ಓದಿದರೆ ರಸ್ತೆಯ ಆಚೆ ಟೈಲರಿಗೆ ಯಾರ ಮನೆ ಮದುವೆ ಯಾವ ಛತ್ರದಲ್ಲಿ ಅಂತ ಗೊತ್ತಾಗುತ್ತಿತ್ತು. ಆ ಕಂಠದ ಬಗ್ಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ತಿಂಡಿಪೋತರು ಬೇರೆ. ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದು, ಹತ್ತೂವರೆಗೆ "ಬಾಯಿ ಒಣಗ್ತಿದೆ" ಅಂತ ಎದ್ದು ಹೋಗಿ ಖಾಲಿ ದೋಸೆ ತಿಂದು ಬರುತ್ತಿದ್ದರು. ವ್ಯಾಕರಣ ಬರುತ್ತಿತ್ತೇ ಅಂದರೆ, ಇಲ್ಲ. ಕೇಳಿದರೆ, "ವಾಕ್ಯನ ಬಾಯಿಗೆ ಹಾಕ್ಕೊಂಡು ನೋಡು. ಎಲ್ಲಿ ಅಗಿಯೋಕೆ ನಿಲ್ತೀಯೋ ಅಲ್ಲಿ ಗುರುತು," ಅನ್ನುತ್ತಿದ್ದರು. ಹಸಿದಾಗ ಹೆಚ್ಚು ಗುರುತು ಬೀಳುತ್ತಿದ್ದವು.

ನಮ್ಮ ಕೆಲಸ ನಡೆಯುತ್ತಿದ್ದುದು ಹೀಗೆ. ಗಿರಾಕಿ ಬರೆದುಕೊಟ್ಟ ಹಾಳೆ ಒಬ್ಬರ ಕೈಯಲ್ಲಿ, ಅಚ್ಚಿನ ಪ್ರೂಫು ಇನ್ನೊಬ್ಬರ ಕೈಯಲ್ಲಿ. ಹಾಳೆ ಹಿಡಿದವರು ಇದ್ದದ್ದನ್ನು ಇದ್ದ ಹಾಗೆ ಗಟ್ಟಿಯಾಗಿ ಓದಬೇಕು. ಬರೀ ಅಕ್ಷರ ಅಲ್ಲ, ಚುಕ್ಕೆ, ಗೆರೆ, ಕೊಕ್ಕೆ, ಕಂಸ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಪ್ರೂಫು ಹಿಡಿದವರು ಕೇಳಿಸಿಕೊಳ್ಳುತ್ತಾ ಕೆಂಪು ಪೆನ್ನಲ್ಲಿ ತಿದ್ದಬೇಕು. ಓದಿದವರು ಹೇಳಿದ್ದು ಇರಬೇಕು, ಹೇಳದ್ದು ಹೋಗಬೇಕು. ಅಷ್ಟೇ ಕಾನೂನು.

ಒಂದು ಸಲ ನಾನು ಟೀ ಗುಟುಕರಿಸುತ್ತಾ ಓದುವಾಗ ಒಂದು ಚುಕ್ಕೆಯನ್ನು ಟೀ ಜೊತೆ ನುಂಗಿಬಿಟ್ಟೆ. ಸಾರ್ ಪ್ರೂಫಿನಲ್ಲಿದ್ದ ಚುಕ್ಕೆಯನ್ನು ಹೊಡೆದುಹಾಕಿದರು. ವಾಕ್ಯ ಮುಗಿದಿದೆ ಅಂತ ಎಂಥವರಿಗೂ ಕಾಣುತ್ತಿತ್ತು.

"ಸಾರ್, ಅಲ್ಲಿ ಚುಕ್ಕೆ ಬೇಕೂಂತ ನಿಮಗೇ ಗೊತ್ತಾಗುತ್ತಲ್ಲ," ಅಂದೆ.

"ನನಗೆ ಗೊತ್ತಾಗೋದು ಬೇರೆ, ನೀನು ಹೇಳೋದು ಬೇರೆ. ನನಗೆ ಗೊತ್ತಿರೋದನ್ನೆಲ್ಲ ತುರುಕ್ತಾ ಹೋದ್ರೆ ಅದು ಗಿರಾಕಿ ಕಾರ್ಡಲ್ಲ, ನನ್ನ ಕಾರ್ಡು. ಓದಿದವರ ಬಾಯಿಗೆ ಮರ್ಯಾದೆ ಕೊಡೋದು ಕಲಿ."

ಆಮೇಲೆ ನಾನು ಅಷ್ಟನ್ನೂ ಮೊದಲಿಂದ ಓದಬೇಕಾಯಿತು. ಟೀ ಆರಿ ತಣ್ಣಗಾಯಿತು.

ಇನ್ನು ಗುರುತುಗಳ ಹೆಸರು. ಪೂರ್ಣವಿರಾಮ, ಅಲ್ಪವಿರಾಮ, ಉದ್ಗಾರವಾಚಕ ಅಂತೆಲ್ಲ ಶಾಲೆಯಲ್ಲಿ ಕಲಿತದ್ದನ್ನೇ ನಾನು ಮೊದಲ ದಿನ ಠೀವಿಯಿಂದ ಓದಿದೆ. ಸಾರ್ ಒಂದು ಪುಟ ತಡೆದುಕೊಂಡರು. "ನೋಡಮ್ಮ, ಗುರುತು ಎಳ್ಳಷ್ಟು, ಹೆಸರು ಎಮ್ಮೆಯಷ್ಟು. ಈ ಹೆಸರು ಇಟ್ಟೋರು ಯಾರೂ ದಿನಗಟ್ಟಲೆ ಗಟ್ಟಿಯಾಗಿ ಓದಿದೋರಲ್ಲ. ಇಲ್ಲಿ ನಡೆಯೋದು ಮಸಾಲೆ ಡಬ್ಬಿ," ಅಂದು ಪಾಠ ಶುರು ಮಾಡಿದರು.

ಪೂರ್ಣವಿರಾಮ ಅಂದರೆ ಸಾಸಿವೆ. ಅಲ್ಪವಿರಾಮ ಜೀರಿಗೆ, ಅದರ ಸಣ್ಣ ಬಾಲ ನೋಡಿದರೆ ಯಾರೂ ಬೇರೆ ಹೆಸರು ಇಡುವ ಹಾಗೇ ಇಲ್ಲ. ಎರಡು ಚುಕ್ಕೆ ಒಂದರ ಮೇಲೊಂದು ಬಂದರೆ ಜೋಡಿ ಸಾಸಿವೆ. ಸಾಸಿವೆ ಮೇಲೆ, ಜೀರಿಗೆ ಕೆಳಗೆ ಬಂದರೆ ಒಗ್ಗರಣೆ. ಉದ್ಗಾರ ಮೆಣಸಿನಕಾಯಿ, ಸಣ್ಣ ಅಡ್ಡಗೆರೆ ಲವಂಗ, ಉದ್ದ ಗೆರೆ ಚಕ್ಕೆ, ನಕ್ಷತ್ರ ಅನಾನಸ್ ಹೂವು. ಕಂಸಕ್ಕೆ ಅರ್ಧ ಕೋಡುಬಳೆ, ಈ ಕಡೆ ಅರ್ಧ, ಆ ಕಡೆ ಅರ್ಧ. ಯಾರಾದರೂ ಆಡಿದ ಮಾತಿನ ಹಿಂದೆ ಮುಂದೆ ಬರುವ ಗುರುತು ಕರಿಬೇವು. ಮಾತು ಶುರುವಾದಾಗ "ಕರಿಬೇವು ಹಾಕು", ಮುಗಿದಾಗ "ಕರಿಬೇವು ತೆಗಿ", ತಟ್ಟೆಯ ಅಂಚಿಗೆ ತೆಗೆದಿಟ್ಟ ಹಾಗೆ. ಪ್ರಶ್ನೆಗೆ ಮಾತ್ರ ಮಸಾಲೆಯಲ್ಲಿ ಏನೂ ಸಿಗಲಿಲ್ಲವಂತೆ. ಅದು ದೋಟಿ, ಮರದಿಂದ ಕಾಯಿ ಕೀಳುವ ಕೊಕ್ಕೆ ಕೋಲು. "ಎಟುಕದೆ ಇರೋದನ್ನ ಕೀಳೋಕೆ ತಾನೆ ಅದಿರೋದು?"

ಹೀಗಾಗಿ ನಮ್ಮಲ್ಲಿ ಒಂದು ಸಾಧಾರಣ ಮದುವೆ ಕಾರ್ಡು ಓದಿದರೆ, "ಮಾನ್ಯರೇ ಜೀರಿಗೆ ನಮ್ಮ ಮಗಳ ಮದುವೆಯು ಅರ್ಧ ಕೋಡುಬಳೆ ದೇವರ ದಯದಿಂದ ಅರ್ಧ ಕೋಡುಬಳೆ ನಿಶ್ಚಯವಾಗಿದೆ ಸಾಸಿವೆ" ಅಂತ ಕೇಳಿಸುತ್ತಿತ್ತು. ಕಾರ್ಡು ಹಾಕಿಸಲು ಬಂದವರು ಬೆಂಚಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಬ್ಬರು ಅಡುಗೆ ಕಾಂಟ್ರಾಕ್ಟೂ ಇಲ್ಲೇ ಕೊಡಬಹುದಾ ಅಂತ ಕೇಳಿದ್ದರು.

ಈ ಹೆಸರುಗಳು ಎಲ್ಲಿಂದ ಬಂದವು ಅನ್ನುವುದಕ್ಕೆ ಎರಡು ಪುರಾಣ ಇತ್ತು. ಕಾಟನ್‌ಪೇಟೆಯಲ್ಲಿ ಅವರಪ್ಪನ ಕಿರಾಣಿ ಅಂಗಡಿ ಇತ್ತು, ಅಲ್ಲಿ ಪೊಟ್ಟಣ ಕಟ್ಟುತ್ತಾ ತಮಗೆ ಹೊಳೆದದ್ದು ಅಂತ ಸಾರ್ ಹೇಳುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯೋದು. ಅಕ್ಕನ ಕಥೆ ಬೇರೆ: "ಅಂಗಡೀಲಿ ಕೂತ್ರೆ ದ್ರಾಕ್ಷಿ ಗೋಡಂಬಿ ಖಾಲಿ ಆಗ್ತಿತ್ತು ಅಂತ ಮಾವನೋರು ಇವರನ್ನ ಪ್ರೆಸ್ಸಿಗೆ ಅಟ್ಟಿದ್ದು. ಹೆಸರೆಲ್ಲ ನನ್ನ ಒಗ್ಗರಣೆ ಡಬ್ಬಿ ನೋಡ್ಕೊಂಡು ಇಟ್ಟಿದ್ದು." ಸಾರ್ ಇದಕ್ಕೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಬಾಯಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು.

ಸಾಸಿವೆಯ ಮೇಲೆ ಅವರಿಗೆ ಬಹಳ ಅಭಿಮಾನ. "ಇಷ್ಟು ಕೆಲಸ ಮಾಡೋ ಆಳು ಇನ್ನೊಂದಿಲ್ಲ ಕಣಮ್ಮ. ಹೆಸರಿನ ಮುಂದೆ ನಿಲ್ಲುತ್ತೆ, ಗಂಟೆಗೂ ನಿಮಿಷಕ್ಕೂ ಮಧ್ಯೆ ನಿಲ್ಲುತ್ತೆ, ರೂಪಾಯಿಗೂ ಪೈಸೆಗೂ ಮಧ್ಯೆ ನಿಲ್ಲುತ್ತೆ. ಮೂರು ಜನ ಸೇರ್ಕೊಂಡ್ರೆ, ಏನೋ ಗೊತ್ತಿದೆ ಆದ್ರೆ ಹೇಳಲ್ಲ ಅಂತ ಅರ್ಥ. ಈಗ ನೋಡು, ಇಂಟರ್ನೆಟ್ಟಿಗೂ ಇದನ್ನೇ ಕರ್ಕೊಂಡು ಹೋಗಿದಾರೆ."

ಇಂಟರ್ನೆಟ್ಟು ಬಂದಾಗ ಅವರ ಡಬ್ಬಿಗೆ ಹೊಸ ಸಾಮಾನು ಸೇರಿತು. ಈಮೇಲ್ ವಿಳಾಸದ ನಡುವೆ ಬರುವ ಸುರುಳಿಗೆ ಜಿಲೇಬಿ ಅಂದರು. ಅದು ಜಹಾಂಗೀರು ಅಂತ ಓನರು ವಾದಕ್ಕೆ ನಿಂತರು. "ಜಹಾಂಗೀರಿಗೆ ಅಂಚೆಲ್ಲ ಗುಂಗುರು ಗುಂಗುರು. ಇದು ನುಣ್ಣಗಿದೆ ನೋಡಿ, ಜಿಲೇಬಿನೇ," ಅಂತ ಸಾರ್. ಕೊನೆಗೆ ಎರಡನ್ನೂ ತರಿಸಿ, ಪೇಪರ್ ಹಾಸಿ ಪಕ್ಕಪಕ್ಕ ಇಟ್ಟು ನೋಡಿ, ತಿಂದು, ಜಿಲೇಬಿ ಅಂತ ತೀರ್ಮಾನವಾಯಿತು. ಎರಡು ಅಡ್ಡ ಎರಡು ಉದ್ದ ಗೆರೆಯ ಗುರುತು ಚೌಕಾಬಾರ. 'ಮತ್ತು' ಅನ್ನುವುದಕ್ಕೆ ಇಂಗ್ಲಿಷಿನವರು ಹಾಕುವ ಗುರುತು ಕೂತಿರೋ ಬೆಕ್ಕು. ಬಟ್ಟೆ ಅಂಗಡಿಗಳ ಹೆಸರಲ್ಲೆಲ್ಲ ಒಂದೊಂದು ಬೆಕ್ಕು ಕೂತಿರುತ್ತಿತ್ತು, ಅಪ್ಪನಿಗೂ ಮಕ್ಕಳಿಗೂ ನಡುವೆ. ಒಂದು ಸಲ ಬ್ಯಾಂಕಿನಿಂದ ಫೋನು ಮಾಡಿ ಪ್ರೆಸ್ಸಿನ ಈಮೇಲ್ ಕೇಳಿದ ಹುಡುಗಿಗೆ ಸಾರ್ ಜಿಲೇಬಿ, ಸಾಸಿವೆ ಎಲ್ಲ ಸೇರಿಸಿ ಹೇಳಿದರು. ಆ ಹುಡುಗಿ ತುಂಬ ಮರ್ಯಾದೆಯಿಂದ, "ಸಾರ್, ಮನೇಲಿ ಚಿಕ್ಕೋರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?" ಅಂದಳು.

ಅವರಿಗೆ ಆಗದೇ ಇದ್ದದ್ದು ಮೆಣಸಿನಕಾಯಿ. ನಮ್ಮ ಕಡೆಯ ಯಾವುದೋ ಯುವ ಮುಖಂಡನ ಹುಟ್ಟುಹಬ್ಬದ ಬ್ಯಾನರಿಗೆ ಹುಡುಗರು ಬಂದಿದ್ದರು. ಶುಭಾಶಯದ ಮುಂದೆ ಒಂದು ಸಾಲು ಪೂರ್ತಿ ಮೆಣಸಿನಕಾಯಿ. ಸಾರ್ ಹೇಳಿದರು, "ನೋಡು ಗುರು, ಒಂದು ಮೆಣಸಿನಕಾಯಿ ಆದ್ರೆ ರುಚಿ. ಇಷ್ಟು ಹಾಕಿದ್ರೆ ಬಾಯುರಿ ತಡೀಲಾರದೆ ನಿಮ್ಮಣ್ಣನ ಹೆಸರು ಯಾರೂ ಓದಲ್ಲ."

"ಅಣ್ಣನಿಗೆ ಕಮ್ಮಿ ಆದಂಗೆ ಕಾಣ್ಬಾರ್ದು ಸಾರ್."

ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿ ಮೂರಕ್ಕೆ ಇಳಿಸಿದರು. ಆಮೇಲೆ ಸ್ವಂತ ಮಗನೇ ಸೈಟು ಮಾರುವ ಪಾಂಪ್ಲೆಟ್ಟಿನಲ್ಲಿ ಮೆಣಸಿನಕಾಯಿ ಸುರಿಯುವುದನ್ನು ನೋಡಿ, "ನನ್ನ ಹೊಟ್ಟೇಲಿ ಹುಟ್ಟಿದ ಉರಿ," ಅಂದರು.

ಮಲ್ಲೇಶ್ವರದ ಒಬ್ಬರು ಹೆಂಗಸು ಅಡುಗೆ ಪುಸ್ತಕ ಅಚ್ಚಿಗೆ ತಂದಾಗ ನಮ್ಮ ಬಂಡವಾಳ ಬಯಲಾಯಿತು. ಎಂದಿನಂತೆ ನಾನು ಓದಿದೆ, ಸಾರ್ ತಿದ್ದಿದರು. ಎರಡನೇ ದಿನ ಆಕೆ ಪ್ರೂಫು ಹಿಡಿದುಕೊಂಡು ಬಂದು, "ಉಪ್ಪಿಟ್ಟಿಗೆ ಸಾಸಿವೇನೇ ಇಲ್ವಲ್ಲ, ಬರೀ ಚುಕ್ಕೆ ಇಟ್ಟಿದೀರಿ. ರಸಂ ಪುಡೀಲಿ ಮೆಣಸಿನಕಾಯಿ ಬದಲು ಉದ್ಗಾರ ಚಿಹ್ನೆ ಹಾಕಿ ನೀವೇ ಹೌಹಾರಿದೀರಿ," ಅಂದರು. ಸಾರ್ ಕದಲಲಿಲ್ಲ. ಆ ಪುಸ್ತಕ ಮುಗಿಯುವ ತನಕ ಹೆಸರುಗಳನ್ನೇ ಬದಲಾಯಿಸಿದರು. ಚುಕ್ಕೆ ಮೂಗುಬೊಟ್ಟು, ಅಲ್ಪವಿರಾಮ ಲೋಲಾಕು, ಕಂಸ ಅರ್ಧ ಬಳೆ, ಉದ್ಗಾರ ಜುಮುಕಿ. ನಾಲಿಗೆ ಹೊಂದಿಕೊಳ್ಳುವ ಹೊತ್ತಿಗೆ ನಗರ್ತಪೇಟೆಯ ಒಡವೆ ಅಂಗಡಿಯ ಪಾಂಪ್ಲೆಟ್ ಬಂತು. ಸಾರ್ ಹಣೆ ಚಚ್ಚಿಕೊಂಡು ಮಸಾಲೆ ಡಬ್ಬಿಗೆ ವಾಪಸಾದರು.

ಇದೆಲ್ಲ ಪ್ರೆಸ್ಸಿನೊಳಗೇ ಇದ್ದಿದ್ದರೆ ಸರಿ. ನನ್ನ ನಿಶ್ಚಿತಾರ್ಥದ ದಿನ ಪುರೋಹಿತರಿಗೆ ಗಂಟಲು ಕಟ್ಟಿ ಸೊಲ್ಲೇ ಹೊರಡಲಿಲ್ಲ. ಲಗ್ನಪತ್ರಿಕೆ ಓದುವವರು ಯಾರು ಅಂದಾಗ ಸಾರ್ ಎದ್ದೇ ಬಿಟ್ಟರು. ಆ ಮನುಷ್ಯನ ಕೈಗೆ ಕಾಗದ ಬಂದರೆ ಬಾಯಿ ತನ್ನ ಪಾಡಿಗೆ ತಾನು ಹೋಗುತ್ತದೆ ಅಂತ ಆ ಛತ್ರದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ತಲೆ ತಗ್ಗಿಸಿ ಕೂತ ಮದುವೆ ಹುಡುಗಿ ಎದ್ದು ಕಿತ್ತುಕೊಳ್ಳುವ ಹಾಗೂ ಇಲ್ಲ.

"ಚಿ ಸಾಸಿವೆ ಕುಂ ಸಾಸಿವೆ ಸೌ ಸಾಸಿವೆ" ಅಂತ ನನ್ನ ಹೆಸರು ಶುರುವಾಯಿತು. ಗಂಡಿನ ಕಡೆಯವರು ಕತ್ತೆತ್ತಿದರು. ಮುಹೂರ್ತ "ಹತ್ತು ಸಾಸಿವೆ ನಲವತ್ತಕ್ಕೆ" ಬಂತು. "ಅರ್ಧ ಕೋಡುಬಳೆ ಗುರುವಾರ ಅರ್ಧ ಕೋಡುಬಳೆ" ಅಂದಾಗ ನಮ್ಮ ಮಾವನವರ ಮುಖ ಗಂಟಾಯಿತು. ಹೆಣ್ಣಿನ ಕಡೆಯವರು ಕೊಡುವ ಸಾಮಾನಿನ ಪಟ್ಟಿಯನ್ನು ಸಭೆಯಲ್ಲಿ ಓದುತ್ತಿದ್ದಾರೆ, ಅದರಲ್ಲೂ ಜುಗ್ಗತನ ಮಾಡುತ್ತಿದ್ದಾರೆ ಅಂದುಕೊಂಡರಂತೆ. ನಮ್ಮತ್ತೆ ಮಾತ್ರ ದೊಡ್ಡ ಮನಸ್ಸು ಮಾಡಿ, "ಅರ್ಧ ಯಾಕೆ, ನಮ್ಮ ಕಡೆ ಕೋಡುಬಳೆ ಇಡೀನೇ ಕೊಡೋದು," ಅಂದರು. ಹುಡುಗ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಅಲ್ಲಾಡುತ್ತಿದ್ದ. ಅವನು ಅಳುತ್ತಿದ್ದಾನೆ ಅಂತ ನಾನು ಹೆದರಿದೆ, ನಗುತ್ತಿದ್ದಾನೆ ಅಂತ ಗೊತ್ತಾದ ಮೇಲೆ ಜೀವ ಬಂತು.

ಸಾರ್‌ಗೆ ಇದ್ಯಾವುದರ ಪರಿವೆಯೂ ಇಲ್ಲ. ಮಾರನೆಯ ದಿನ, "ಹೇಗಿತ್ತು ನನ್ನ ಓದು?" ಅಂತ ಕೇಳಿದರು.

"ಒಗ್ಗರಣೆ ಚೆನ್ನಾಗಿತ್ತು ಸಾರ್," ಅಂದೆ. ಊಟದ ಮಾತು ಅಂದುಕೊಂಡು, ಸಾರು ಸ್ವಲ್ಪ ನೀರಾಗಿತ್ತು ಅಂದರು.

ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆಯಾದರೂ ಪ್ರೆಸ್ಸಿಗೆ ಬಂದು, ಯಾರೂ ಕೇಳದಿದ್ದರೂ ಯಾವುದಾದರೂ ಪ್ರೂಫು ಎತ್ತಿಕೊಳ್ಳುತ್ತಿದ್ದರು. ಹೋದ ವರ್ಷ ನಾನು ಅವರ ಮನೆಗೆ ಹೋಗಿದ್ದಾಗ ಒಂದು ಹಾಳೆ ತಂದು, "ನನ್ನ ಹನ್ನೊಂದನೇ ದಿನದ ಕಾರ್ಡು ಬರ್ದಿಟ್ಟಿದೀನಿ, ಬಾ ಓದೋಣ," ಅಂದರು. ಗುಟ್ಟೇನೂ ಇಲ್ಲ, ನಡುಮನೆಯಲ್ಲಿ ಎಲ್ಲರ ಮುಂದೆ. ಮಗ ಬೈದ. ಅಕ್ಕ ಒಳಗೆ ಹೋಗಿ ಪಾತ್ರೆ ಕುಕ್ಕಿದರು. ನಾನೂ ಬೈಯುತ್ತಲೇ ಓದಿದೆ. ಕೊನೆಯ ಮಾತಿನ ಮುಂದೆ ಅವರೇ ಇಟ್ಟ ಚುಕ್ಕೆ ಎಷ್ಟು ದಪ್ಪ ಇತ್ತೆಂದರೆ ಪೆನ್ನು ಒತ್ತಿದ ಗುರುತು ಹಾಳೆಯ ಆಚೆ ಕಡೆ ಉಬ್ಬಿತ್ತು.

"ಕೊನೇಲಿ ಸಾಸಿವೆ ಬಿಡ್ಬೇಡ, ನೋಡ್ಕೋ," ಅಂದರು. "ಬೇರೆ ಕಾರ್ಡಲ್ಲಿ ಬಿಟ್ಟೋದ್ರೂ ನಡೆಯುತ್ತೆ. ಇದರಲ್ಲಿ ಬಿಟ್ಟೋದ್ರೆ ಜನ ಇನ್ನೂ ಏನೋ ಇದೆ ಅಂತ ಕಾಯ್ತಾ ಕೂತ್ಕೋತಾರೆ."

ಆ ಹಾಳೆಯನ್ನೇ ನೋಡಿಕೊಂಡು ಮಗ ಮೊಬೈಲಿನಲ್ಲಿ ಒತ್ತಿದ್ದ. ನಾನು ಬೊಂಬೆಗಳನ್ನೆಲ್ಲ ಕಿತ್ತುಹಾಕಿ, ನನಗೆ ನೆನಪಿದ್ದಷ್ಟು ಗುರುತು ಕೂಡಿಸಿ ಪ್ರೂಫು ತೆಗೆಸಿದೆ. ಆದರೆ ಓದುವವರು? ಡಿಟಿಪಿ ಹುಡುಗಿ, "ತಪ್ಪಿದ್ರೆ ಕಂಪ್ಯೂಟರೇ ಕೆಂಪು ಗೆರೆ ಎಳೆಯುತ್ತೆ ಮೇಡಂ," ಅಂದಳು. ಓನರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕದಲ್ಲಿ ಮನೆಯಲ್ಲಿದ್ದರು. ನಮ್ಮ ಯಜಮಾನರಿಗೆ ಮೂರನೇ ಸಾಲಿಗೆ ಆಕಳಿಕೆ. ಸಂಜೆ ಪ್ರೂಫು, ಕೆಂಪು ಪೆನ್ನು ತೆಗೆದುಕೊಂಡು ಸಾರ್ ಮನೆಗೇ ಹೋದೆ, ಮಗನನ್ನೇ ಹಿಡಿದು ಕೂರಿಸಿ ಓದಿಸೋಣ ಅಂತ.

ನಡುಮನೆಯಲ್ಲಿ ದೀಪ, ಸಾರ್ ಫೋಟೋ. ಸೂತಕದ ಮನೆ. ಅವರ ಪದ್ಧತಿಯಲ್ಲಿ ಹನ್ನೊಂದನೇ ದಿನದ ತನಕ ಒಲೆಯ ಮೇಲೆ ಒಗ್ಗರಣೆ ಹಾಕುವ ಹಾಗಿಲ್ಲ. ಸಾರ್ ಅವರ ಹಿರಿಯ ಸೋದರಿ, ಎಂಬತ್ತು ದಾಟಿದ ಮುದುಕಿ, ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಇದಕ್ಕೆಲ್ಲ ಕಾವಲು ಕೂತಿದ್ದರು. ಒಗ್ಗರಣೆಯಿಲ್ಲದ ಊಟಕ್ಕೆ ಸಾರ್ ಏನನ್ನುತ್ತಿದ್ದರೋ. ಮಗ ಕಾಂಪೌಂಡಿನಲ್ಲಿ ಫೋನು ಹಿಡಿದು ಯಾರಿಗೋ ಪೂರ್ವ ದಿಕ್ಕಿನ ಬಾಗಿಲು ಮಾರುತ್ತಿದ್ದ. ಕೈಸನ್ನೆ ಮಾಡಿದೆ, ಅವನೂ ಐದು ಬೆರಳು ತೋರಿಸಿದ. ಐದು ನಿಮಿಷವೋ ಐದು ಗಂಟೆಯೋ.

ಫೋಟೋ ಮುಂದೆ ಇದ್ದ ಸಾರ್ ಕೈಬರಹದ ಹಾಳೆಯನ್ನು ಎತ್ತಿಕೊಂಡೆ. ಗೋಡೆಗೊರಗಿ ಕೂತಿದ್ದ ಅಕ್ಕ ಕೈ ಚಾಚಿದರು. "ಕೊಡಿಲ್ಲಿ ಆ ಹಾಳೆ. ನಾನು ಓದ್ತೀನಿ."

"ಅಕ್ಕ, ಗುರುತುಗಳನ್ನೂ ಓದ್ಬೇಕಾಗುತ್ತೆ," ಅಂದೆ.

"ನಾನು ಒಲೆ ಮುಂದೆ ನಿಂತಿರುವಾಗ ದಿನಾ ಪೇಪರ್ ಯಾರು ಓದಿ ಹೇಳ್ತಿದ್ರು ಅಂದ್ಕೊಂಡೆ? ಈ ಮನೇಲಿ ಸಾಸಿವೆ ಜೀರಿಗೆ ಇಲ್ಲದ ಸುದ್ದಿ ನಾನು ಕೇಳೇ ಇಲ್ಲ ಕಣೇ."

ಅಕ್ಕ ಸಾರ್ ಅವರ ಕನ್ನಡಕವನ್ನೇ ಹಾಕಿಕೊಂಡರು. ಓದತೊಡಗಿದರು. ಕಂಠ ಸಾರ್ ಅವರದಲ್ಲ, ಸಣ್ಣದು. ನಿಲ್ಲಿಸುವ ರೀತಿ ಮಾತ್ರ ಥೇಟ್ ಅವರದೇ.

"ಆತ್ಮೀಯರೇ ಜೀರಿಗೆ ನಾನು ಅರ್ಧ ಕೋಡುಬಳೆ ಕೊನೆಗೂ ಅರ್ಧ ಕೋಡುಬಳೆ ಹೊರಟೆ ಸಾಸಿವೆ. ಯಾರೂ ಅಳಬೇಡಿ ಒಗ್ಗರಣೆ ಅತ್ತರೆ ಊಟ ರುಚಿಸುವುದಿಲ್ಲ ಸಾಸಿವೆ."

ನಾನು ತಲೆ ತಗ್ಗಿಸಿ ಬೆರಳಿಟ್ಟುಕೊಂಡು ಬಂದೆ. ಆ ಒಗ್ಗರಣೆ ನನ್ನ ಪ್ರೂಫಿನಲ್ಲಿ ಬರೀ ಜೀರಿಗೆಯಾಗಿತ್ತು, ತಿದ್ದಿದೆ. ಒಬ್ಬಳೇ ನೋಡಿದ್ದರೆ ಹಾಗೇ ಹೋಗುತ್ತಿತ್ತು.

"ಊಟ ಜೋಡಿ ಸಾಸಿವೆ ಹನ್ನೆರಡೂವರೆಗೆ ಸಾಸಿವೆ. ತಡವಾಗಿ ಬಂದವರಿಗೆ ಹಪ್ಪಳ ಸಿಗದಿದ್ದರೆ ಜೀರಿಗೆ..."

ಅಷ್ಟರಲ್ಲಿ ಒಳಗಿನ ಚಾಪೆ ಎದ್ದು ಬಂತು. "ಯಾರೇ ಅದು, ಸೂತಕದ ಮನೇಲಿ ಸಾಸಿವೆ ಅಂತೆ, ಒಗ್ಗರಣೆ ಅಂತೆ? ನಾಚಿಕೆ ಆಗಲ್ವಾ?"

ಅಕ್ಕ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಒಗ್ಗರಣೆ ಅಲ್ಲ ಅತ್ತಿಗೆ. ನಿಮ್ಮ ತಮ್ಮ."

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಆಮೇಲೆ ಅಲ್ಲೇ ಕೂತು, "ಓದು ಮತ್ತೆ," ಅಂದರು.

ಅಕ್ಕ ಓದಿದರು. ಹಪ್ಪಳ ಸಿಗದಿದ್ದರೆ ತಾನು ಜವಾಬ್ದಾರನಲ್ಲ ಅನ್ನುವಲ್ಲಿ ಮೂವರಿಗೂ ನಗು ಬಂತು, ಸಾವಿನ ಮನೆ ಅಂತ ಮೂವರೂ ನುಂಗಿಕೊಂಡೆವು. "ಇಷ್ಟು ವರ್ಷ ಸಹಿಸಿಕೊಂಡಿದ್ದೀರಿ ಸಾಸಿವೆ," ಅಂತ ಅಕ್ಕ ಮುಂದುವರಿಸಿದರು. ಇನ್ನು ಉಳಿದದ್ದು ಕೊನೆಯ ಸಾಲು.

"ಇನ್ನು ಬರುತ್ತೇನೆ," ಅಂತ ಓದಿ ಅಕ್ಕ ನಿಲ್ಲಿಸಿದರು.

ನಾನು ಪೆನ್ನು ಹಿಡಿದು ಕಾದೆ. ಪ್ರೂಫಿನಲ್ಲಿ ಚುಕ್ಕೆ ಇತ್ತು, ನಾನೇ ಮರೆಯದೆ ಹಾಕಿಸಿದ್ದೆ. ಅಕ್ಕನ ಕೈಯಲ್ಲಿದ್ದ ಹಾಳೆಯಲ್ಲೂ ಇತ್ತು, ಈ ಕಡೆಯಿಂದ ಅದರ ಉಬ್ಬು ನನಗೆ ಕಾಣುತ್ತಿತ್ತು. ಅಕ್ಕನ ಹೆಬ್ಬೆರಳು ಅದರ ಮೇಲೇ ಇತ್ತು. ತುಟಿ ಅಲ್ಲಾಡಲಿಲ್ಲ. ದೀಪದ ಬತ್ತಿ ಸಣ್ಣಗೆ ಚಟಪಟ ಅಂದಿತು. ಕಾಂಪೌಂಡಿನಲ್ಲಿ ಮಗ ಯಾರಿಗೋ ಕೊನೆಯ ರೇಟು ಹೇಳುತ್ತಿದ್ದ.

"ಅಕ್ಕ, ಅಷ್ಟೇನಾ?" ಅಂದೆ.

"ಅಷ್ಟೇ ಕಣೇ," ಅಂದು ಹಾಳೆ ಮಡಿಸಿ ಮಡಿಲಲ್ಲಿ ಇಟ್ಟುಕೊಂಡರು.

ಚುಕ್ಕೆ ಬಿಡಬೇಡ ಅಂತ ಸಾರ್ ಹೇಳಿದ್ದು ಕಿವಿಯಲ್ಲೇ ಇತ್ತು. ಓದಿದವರ ಬಾಯಿಗೆ ಮರ್ಯಾದೆ ಕೊಡು ಅಂತ ಹೇಳಿದವರೂ ಅವರೇ. ಎರಡರಲ್ಲಿ ಒಂದನ್ನು ಮೀರಲೇಬೇಕಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಆ ಚುಕ್ಕೆಯ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ತೆಗೆಯಿರಿ ಅಂತ ಗುರುತು ಹಾಕಿದೆ. ಬೆಳಗ್ಗೆ ಕಾರ್ಡು ಹಾಗೇ ಅಚ್ಚಾಯಿತು.

ಹನ್ನೊಂದನೇ ದಿನ ಊಟ ಚೆನ್ನಾಗಿತ್ತು. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬೀದಿಯ ತನಕ ಬರುತ್ತಿತ್ತು. ಓನರು ಕಪ್ಪು ಕನ್ನಡಕ ಬಿಚ್ಚಿ, ಹೊಸ ಕಣ್ಣು ಹೊತ್ತುಕೊಂಡು ಬಂದಿದ್ದರು, ಕಂಡದ್ದನ್ನೆಲ್ಲ ಓದುತ್ತಿದ್ದರು. ಎಲೆಯ ಮುಂದೆ ನನ್ನ ಪಕ್ಕ ಕೂತು ಜೇಬಿನಿಂದ ಕಾರ್ಡು ತೆಗೆದರು. ಮುಖದಲ್ಲಿ ಗೆದ್ದ ಕಳೆ.

"ನೋಡಮ್ಮ, ಜನ್ಮವಿಡೀ ನನ್ನ ಜೊತೆ ಚುಕ್ಕೆಗೋಸ್ಕರ ಜಗಳ ಆಡ್ದ. ಈಗ ಅವನ ಕಾರ್ಡಲ್ಲೇ ಕೊನೇ ಚುಕ್ಕೆ ಹಾರಿಹೋಗಿದೆ. ಯಾರು ಓದಿದ್ದು ಇದನ್ನ?"

"ಓದಿದ್ದು ಅಕ್ಕ," ಅಂದೆ. "ನೋಡಿದ್ದು ನಾನು."

ಅವರು ಕಾರ್ಡು ನೋಡಿದರು. ಪಂಕ್ತಿಯ ಆ ತುದಿಯಲ್ಲಿ, ಸಾರ್ ಫೋಟೋ ಕೆಳಗೆ ಕೂತಿದ್ದ ಅಕ್ಕನನ್ನು ನೋಡಿದರು. ಕಾರ್ಡನ್ನು ಮೆಲ್ಲಗೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಇಬ್ಬರು ಓದಿದಾರೆ ಅಂದ್ರೆ ತಪ್ಪಿಲ್ಲ ಬಿಡು," ಅಂದು ಹಪ್ಪಳ ಮುರಿದರು.